ಸಂಪಾದಕರ ಉತ್ತರ: ಹಪ್ಪಳ ಕಾಯುವ ಮಾವ ಮತ್ತು ಕೊನೆಯ ಪುಟ

ಪ್ರೀತಿಯ ಅಕ್ಕೋರೇ,

ಅಂಕೋಲೆಯಿಂದ ನೀವು ಬರೆದ ಪತ್ರ, ಅದರ ಜೊತೆ ಮಡಚದೆ ರಟ್ಟಿನ ನಡುವೆ ಇಟ್ಟು ಕಳಿಸಿದ ನಾಲ್ಕು ಚಿತ್ರಗಳು ಕೈಸೇರಿವೆ. ಪತ್ರದಲ್ಲಿ ಎರಡು ಪ್ರಶ್ನೆಗಳಿವೆ. ಪತ್ರಿಕೆ ಬಂದ ಕೂಡಲೇ ನಿಮ್ಮ ಮನೆಯ ಮೂರು ತಲೆಮಾರಿನವರೂ ಮೊದಲು ತಿರುವುವುದು ಕೊನೆಯ ಪುಟದ ಸಂಸಾರದ ಕಾರ್ಟೂನ್ ಪಟ್ಟಿಯನ್ನು. ಅದೇ ಗಂಡ, ಅದೇ ಹೆಂಡತಿ, ಅದೇ ತಕರಾರು, ಆದರೂ ಯಾಕೆ ಸಾಕೆನಿಸುವುದಿಲ್ಲ ಎಂದು ಕೇಳಿದ್ದೀರಿ. ನಿಮ್ಮ ಸೊಸೆ ನಿಮ್ಮ ಮನೆಯನ್ನೇ ಇಟ್ಟುಕೊಂಡು ಬರೆದ ಈ ನಾಲ್ಕು ಪಟ್ಟಿಗಳು ಅಚ್ಚಿಗೆ ಆಗುತ್ತವೆಯೇ, ಇಲ್ಲವಾದರೆ ಎಲ್ಲಿ ತಪ್ಪಿದೆ ಎಂಬುದು ಇನ್ನೊಂದು. ಆ ಜಾಗದಲ್ಲಿ ಅಡಿಕೆ, ತೆಂಗಿನ ಧಾರಣೆ ಹಾಕಿದರೆ ನಾಲ್ಕು ಜನಕ್ಕೆ ಉಪಯೋಗ ಎಂಬ ನಿಮ್ಮ ಯಜಮಾನರ ಮಾತನ್ನೂ ಸೇರಿಸಿದ್ದೀರಿ. ಧಾರಣೆ ಬೇಕಾದದ್ದೇ, ಆದರೆ ಮಾಸಪತ್ರಿಕೆಯಲ್ಲಿ ಅದು ಮನೆಗೆ ಮುಟ್ಟುವ ಹೊತ್ತಿಗೆ ಹಳತಾಗಿರುತ್ತದೆ. ಪಟ್ಟಿ ಹಾಗಲ್ಲ, ಕತ್ತರಿಸಿ ಕಪಾಟಿನ ಬಾಗಿಲಿಗೆ ಅಂಟಿಸಿದ್ದನ್ನು ಮರುವರ್ಷವೂ ಓದಬಹುದು.

ಮೊದಲನೆಯ ಪ್ರಶ್ನೆ. ಯಕ್ಷಗಾನ ನೋಡುವ ನಮ್ಮ ಜಿಲ್ಲೆಯವರಿಗೆ ಇದು ಬೇಗ ಅರ್ಥವಾಗುತ್ತದೆ. ಗದಾಯುದ್ಧದಲ್ಲಿ ಕೌರವ ನೀರಿನಿಂದ ಮೇಲೆ ಬರುತ್ತಾನೆ, ತೊಡೆ ಮುರಿಸಿಕೊಳ್ಳುತ್ತಾನೆ ಎಂದು ಗೊತ್ತಿದ್ದೇ ಬೆಳಗಿನವರೆಗೆ ಕೂರುತ್ತೇವೆ. ಇವತ್ತಿನ ಕೌರವ ಹೇಗೆ ಏಳುತ್ತಾನೆ ಎಂಬುದಷ್ಟೇ ಕುತೂಹಲ. ಸಂಸಾರದ ಪಟ್ಟಿಯಲ್ಲೂ ಹೀಗೇ. ಓದುಗರಿಗೆ ಆ ಮನುಷ್ಯನ ಸ್ವಭಾವ ಮೊದಲೇ ಗೊತ್ತು. ಮೊದಲ ಚೌಕ ನೋಡಿದಾಗಲೇ ‘ಈಗ ಇವನು ಹೀಗೆ ಮಾಡುತ್ತಾನೆ’ ಎಂದು ಮನಸ್ಸು ಮುಂದೆ ಓಡಿರುತ್ತದೆ. ಅವನು ಹಾಗೇ ಮಾಡುತ್ತಾನೆ, ಆದರೆ ನಾವು ಎಣಿಸದ ದಾರಿಯಲ್ಲಿ. ನಗು ಹುಟ್ಟುವುದು ಆ ಸಣ್ಣ ವ್ಯತ್ಯಾಸದಲ್ಲಿ.

ಇದಕ್ಕಿಂತ ಮುಖ್ಯವಾದ ಇನ್ನೊಂದಿದೆ. ಒಳ್ಳೆಯ ಸಂಸಾರದ ಪಟ್ಟಿಯಲ್ಲಿ ಎಲ್ಲರೂ ಅವರವರ ಮಟ್ಟಿಗೆ ಸರಿ. ಯಾರೂ ಖಳರಲ್ಲ, ಯಾರೂ ಪೂರ್ತಿ ದಡ್ಡರೂ ಅಲ್ಲ. ಅಜ್ಜನ ಲೆಕ್ಕದಲ್ಲಿ ಅಜ್ಜ ಸರಿ, ಮೊಮ್ಮಗನ ಲೆಕ್ಕದಲ್ಲಿ ಮೊಮ್ಮಗ ಸರಿ. ಎರಡೂ ಲೆಕ್ಕ ಒಂದೇ ಅಡುಗೆಮನೆಯಲ್ಲಿ ಡಿಕ್ಕಿ ಹೊಡೆಯುತ್ತವೆ. ಹಾಗಾಗಿಯೇ ಮೂರು ತಲೆಮಾರಿನವರೂ ಒಟ್ಟಿಗೆ ನಗುತ್ತಾರೆ, ಪ್ರತಿಯೊಬ್ಬರಿಗೂ ತಮ್ಮ ಕಡೆಯ ವಕೀಲ ಅಲ್ಲಿ ಸಿಗುತ್ತಾನೆ.

ಅಮೆರಿಕದ ‘ಬ್ಲಾಂಡಿ’ ಎಂಬ ಕಾರ್ಟೂನ್ ಪಟ್ಟಿಯ ಚರಿತ್ರೆ ಇಲ್ಲಿ ನೆನೆಯಬೇಕಾದ್ದು. ಚಿಕ್ ಯಂಗ್ ಅದನ್ನು 1930ರ ಸೆಪ್ಟೆಂಬರಿನಲ್ಲಿ ಆರಂಭಿಸಿದಾಗ ಅದು ಸಂಸಾರದ ಕಥೆಯೇ ಆಗಿರಲಿಲ್ಲ. ರೈಲ್ವೆ ಧಣಿಯ ಮಗ ಡ್ಯಾಗ್‌ವುಡ್ ಮತ್ತು ಮೋಜಿನ ಹುಡುಗಿ ಬ್ಲಾಂಡಿಯ ಓಡಾಟ ಅದರ ವಸ್ತು. ಆರ್ಥಿಕ ಕುಸಿತದ ಆ ವರ್ಷಗಳಲ್ಲಿ ಸಿರಿವಂತರ ಮೋಜು ಓದುಗರಿಗೆ ರುಚಿಸಲಿಲ್ಲ. ಆಗ ಯಂಗ್ ಪಟ್ಟಿಯ ದಿಕ್ಕನ್ನೇ ಬದಲಿಸಿದರು. ಮದುವೆಗೆ ಒಪ್ಪಿಗೆ ಬೇಕೆಂದು ಡ್ಯಾಗ್‌ವುಡ್ 28 ದಿನ ಉಪವಾಸ ಕೂತ, 1933ರ ಫೆಬ್ರವರಿ 17ರಂದು ಮದುವೆಯಾಯಿತು, ಅಪ್ಪ ಅಮ್ಮ ಆಸ್ತಿ ತಪ್ಪಿಸಿದರು. ಅಲ್ಲಿಂದ ಅವನು ಆಫೀಸಿಗೆ ತಡವಾಗಿ ಓಡುವ, ಸೋಫಾದ ಮೇಲೆ ನಿದ್ದೆ ತೆಗೆಯುವ, ರಾತ್ರಿ ಎದ್ದು ಮೊಳದುದ್ದದ ಸ್ಯಾಂಡ್‌ವಿಚ್ ಕಟ್ಟುವ ಸಾಮಾನ್ಯ ಗಂಡನಾದ. ಪಟ್ಟಿ ಗೆದ್ದದ್ದು ಆಮೇಲೆ. 1973ರಲ್ಲಿ ಯಂಗ್ ತೀರಿಕೊಂಡ ಮೇಲೆ ಮಗ ಡೀನ್ ಯಂಗ್ ಮುಂದುವರಿಸಿದರು. ನಿದ್ದೆ, ಹಸಿವು, ಅವಸರ, ಮೇಲಧಿಕಾರಿಯ ಬೈಗುಳ: ಮುಖ್ಯ ಬಂಡವಾಳ ಇಷ್ಟೇ!

ಈಗ ನಿಮ್ಮ ಸೊಸೆಯವರ ಚಿತ್ರಗಳಿಗೆ ಬರುತ್ತೇನೆ. ನಾಲ್ಕರಲ್ಲಿ ಎರಡು ನಿಜವಾಗಿ ಚೆನ್ನಾಗಿವೆ. ವಾಟ್ಸ್ಆ್ಯಪ್ ಕುರಿತದ್ದನ್ನು ಬಿಟ್ಟುಬಿಡಲಿ, ಆ ಮಾತು ಎಲ್ಲರ ಮೊಬೈಲಿಗೂ ಬಂದುಹೋಗಿದೆ, ನಿಮ್ಮ ಮನೆಯದಲ್ಲ. ಟಿವಿ ರಿಮೋಟಿನ ಜಗಳ ಯಾವ ಊರಿನ ಯಾವ ಮನೆಯದಾದರೂ ಆಗಬಹುದು. ಹಪ್ಪಳದ್ದು ಮತ್ತು ‘ಅಡ್ಡಿಲ್ಲ’ದ್ದು ಉಳಿಯಬೇಕು.

ಹಪ್ಪಳದ ಪಟ್ಟಿಯನ್ನೇ ಬಿಡಿಸಿ ನೋಡೋಣ. ಅಂಗಳದಲ್ಲಿ ಅತ್ತೆ ಹಲಸಿನ ಹಪ್ಪಳ ಹರವಿ, ಕಾಗೆ ಕಾಯಲು ಮಾವನನ್ನು ಕೂರಿಸುತ್ತಾರೆ. ಮಾವ ಕೋಲು ಹಿಡಿದು ನಿದ್ದೆ ಹೋಗುತ್ತಾರೆ. ಮೊಮ್ಮಗ ಅರೆ ಒಣಗಿದ ಹಪ್ಪಳ ತಿನ್ನುತ್ತಾನೆ. ಕೊನೆಯ ಚೌಕದಲ್ಲಿ ಅತ್ತೆ, “ಅಯ್ಯೋ, ನೀವು ಮಲಗಿಬಿಟ್ಟಿರಿ, ಹಪ್ಪಳವನ್ನೆಲ್ಲ ಮೊಮ್ಮಗ ತಿಂದುಬಿಟ್ಟ!” ಎನ್ನುತ್ತಾರೆ. ವಸ್ತು ಬಂಗಾರದಂಥದ್ದು. ಕೆಟ್ಟದ್ದು ಕೊನೆಯ ಮಾತಿನಿಂದ. ಚಿತ್ರ ಆಗಲೇ ಹೇಳಿದ್ದನ್ನು ಅತ್ತೆ ಮತ್ತೆ ಹೇಳಿದರು, ಮಾವ ತಪ್ಪಿತಸ್ಥರಾಗಿ ನಿಂತರು, ಓದುಗರಿಗೆ ಕಂಡುಹಿಡಿಯಲು ಏನೂ ಉಳಿಯಲಿಲ್ಲ.

ಅದನ್ನು ಹೀಗೆ ಮಾಡಿ ನೋಡಲಿ. ಮೊದಲ ಚೌಕ: ಚಾಪೆಯ ಮೇಲೆ ಸಾಲಿಗೆ ನಾಲ್ಕರಂತೆ ಮೂರು ಸಾಲು, ಒಟ್ಟು 12 ಹಪ್ಪಳ. ಅತ್ತೆ: “ಕಾಗೆ ಬರ್ತದೆ, ನೋಡ್ಕಳಿ.” ಎರಡನೆಯದು: ಕುರ್ಚಿಯಲ್ಲಿ ಕೋಲು ನೆಟ್ಟು ಮಾವ: “ನಾ ಇರೂವಾಗ ಒಂದು ಕಾಗೆ ಬರ್ಲಿ ನೋಡ್ವಾ.” ಮೂರನೆಯದರಲ್ಲಿ ಮಾತೇ ಬೇಡ. ಮಾವನ ಗಲ್ಲ ಎದೆಗೆ ಇಳಿದಿದೆ, ಕಂಬದ ಹಿಂದಿನಿಂದ ಒಂದು ಸಣ್ಣ ಕೈ ಚಾಪೆಯತ್ತ ಚಾಚಿದೆ. ನಾಲ್ಕನೆಯದು: ಚಾಪೆಯ ಮೇಲೆ ಏಳು ಹಪ್ಪಳ, ಐದು ಕಡೆ ಒದ್ದೆಯ ದುಂಡು ಗುರುತು ಮಾತ್ರ. ಹಿಂದೆ ಕೆನ್ನೆ ಉಬ್ಬಿದ ಮೊಮ್ಮಗ. ಅತ್ತೆಯ ಕೈ ಸೊಂಟದ ಮೇಲೆ. ಮಾವ ಎದೆ ಸೆಟೆಸಿ: “ಒಂದೇ ಒಂದು ಕಾಗೆ ಬರ್ಲಿಲ್ಲ!”

ಮಾವ ಹೇಳಿದ್ದು ನಿಜ. ಕಾಗೆ ಬರಲಿಲ್ಲ. ಅವರ ಮರ್ಯಾದೆ ಹೋಗಲಿಲ್ಲ, ಅತ್ತೆಯ ಸಿಟ್ಟೂ ನ್ಯಾಯವಾದದ್ದೇ, ಹುಡುಗನ ಆಸೆಯೂ ಗೊತ್ತಿದ್ದದ್ದೇ. ಒಂದು ಎಚ್ಚರಿಕೆ: ಮೊದಲ ಚೌಕದಲ್ಲಿ 12 ಇದ್ದರೆ ಕೊನೆಯಲ್ಲಿ ಇದ್ದದ್ದೂ ಹೋದದ್ದೂ ಕೂಡಿ 12 ಆಗಲೇಬೇಕು. ಓದುಗರು ಎಣಿಸುತ್ತಾರೆ. ಈಗಿನ ಚಿತ್ರದಲ್ಲಿ ಸುಮಾರು 30 ಹಪ್ಪಳ ಇವೆ, ಅಚ್ಚಿನಲ್ಲಿ ಅವು ಬರೀ ಚುಕ್ಕೆಗಳಾಗುತ್ತವೆ.

ಇನ್ನೊಂದು ತಪ್ಪು ಕಣ್ಣಿಗೆ ಬೇಗ ಬೀಳುವಂಥದ್ದಲ್ಲ. ಮೊದಲ ಚೌಕದಲ್ಲಿ ಮೊದಲು ಮಾತಾಡುವವರು ಅತ್ತೆ, ಆದರೆ ಅವರನ್ನು ಬಲಕ್ಕೆ ನಿಲ್ಲಿಸಿದ್ದಾರೆ. ನಾವು ಓದುವುದು ಎಡದಿಂದ, ಮೇಲಿನಿಂದ. ಹೀಗಾಗಿ ಮಾತಿನ ಗುಳ್ಳೆಗಳ ಬಾಲಗಳು ಒಂದನ್ನೊಂದು ಅಡ್ಡ ಹಾಯ್ದಿವೆ, ಉತ್ತರ ಮೊದಲು ಓದಿ ಪ್ರಶ್ನೆ ಆಮೇಲೆ ಓದುವಂತಾಗಿದೆ. ಮೊದಲು ಮಾತಾಡುವವರು ಯಾವಾಗಲೂ ಎಡಕ್ಕೆ. ಇದಕ್ಕೆ ಸುಲಭದ ದಾರಿ, ಪೆನ್ಸಿಲಿನಲ್ಲಿ ಮೊದಲು ಮಾತು ಬರೆದು, ಗುಳ್ಳೆ ಸುತ್ತಿ, ಉಳಿದ ಜಾಗದಲ್ಲಿ ಮನುಷ್ಯರನ್ನು ಬಿಡಿಸುವುದು. ಚಿತ್ರ ಮುಗಿಸಿ ಆಮೇಲೆ ಮಾತು ತುರುಕಿದರೆ ಅಕ್ಷರ ಗೋಡೆಗೆ ಒತ್ತಿಕೊಂಡು ಸಣ್ಣದಾಗುತ್ತದೆ. ಅವರ ಮೂರನೆಯ ಪಟ್ಟಿಗೆ ಆದದ್ದು ಇದೇ.

ಅಳತೆಯ ಮಾತು. ನಮ್ಮ ಪುಟದಲ್ಲಿ ಪಟ್ಟಿಯ ಜಾಗ 18 ಸೆಂ.ಮೀ. ಅಗಲ, 5.5 ಸೆಂ.ಮೀ. ಎತ್ತರ. ಬಿಡಿಸುವಾಗ ಇಮ್ಮಡಿ, ಅಂದರೆ 36 × 11. ಚೌಕಗಳ ನಡುವೆ 8 ಮಿ.ಮೀ. ಬಿಟ್ಟರೆ ಒಂದೊಂದು ಚೌಕಕ್ಕೆ 8.4 ಸೆಂ.ಮೀ. ಅಗಲ ಸಿಗುತ್ತದೆ. ಒಂದು ಎ3 ಹಾಳೆಯಲ್ಲಿ ಎರಡು ಪಟ್ಟಿ ಹಿಡಿಯುತ್ತವೆ. ಹತ್ತಿರದ ಝೆರಾಕ್ಸ್ ಅಂಗಡಿಯಲ್ಲಿ ಎ4 ಸ್ಕ್ಯಾನರ್ ಮಾತ್ರ ಇದ್ದರೆ ಒಂದೂವರೆ ಪಟ್ಟು, 27 × 8.25 ಸಾಕು. ಎರಡು ತುಂಡು ಸ್ಕ್ಯಾನ್ ಮಾಡಿ ಜೋಡಿಸುವ ಗೋಜು ಬೇಡ.

ಇಮ್ಮಡಿ ಅಳತೆಯಲ್ಲಿ ಅಕ್ಷರದ ಎತ್ತರ 4 ಮಿ.ಮೀ.ಗಿಂತ ಕಡಿಮೆ ಆಗಬಾರದು, ಸಾಲಿನಿಂದ ಸಾಲಿಗೆ 1 ಸೆಂ.ಮೀ. ಇರಲಿ. ಇಂಗ್ಲಿಷ್ ಪಟ್ಟಿ ನೋಡಿ ಸಾಲುಗಳನ್ನು ಹತ್ತಿರ ಬರೆದರೆ ನಮ್ಮ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ, ಅಚ್ಚಿನಲ್ಲಿ ಎರಡೂ ಕೂಡಿ ಮಸಿಯ ಮುದ್ದೆ. ಈ ಲೆಕ್ಕದಲ್ಲಿ ಒಂದು ಚೌಕಕ್ಕೆ ಮೂರು ಸಾಲು, ಹೆಚ್ಚೆಂದರೆ ಎಂಟೊಂಬತ್ತು ಪದ. ಸೊಸೆಯವರ ಮೊದಲ ಚೌಕದಲ್ಲಿ 21 ಪದಗಳಿವೆ. ‘ತಿಂದುಬಿಟ್ಟಿದ್ದಾನಲ್ಲ’ದಂಥ ಉದ್ದನೆಯ ಪದ ಬಂದರೆ ಒಡೆದು ಎರಡು ಸಾಲಿಗೆ ಹಾಕಬೇಡಿ, ಬೇರೆ ಮಾತು ಹುಡುಕಿ. ಮನೆಯಲ್ಲಿ ಆಡುವ ಮಾತು ಹೇಗೂ ಪುಸ್ತಕದ ಮಾತಿಗಿಂತ ಗಿಡ್ಡ.

ಹೊರಗೆರೆಗೆ 0.8 ಮಿ.ಮೀ. ಪೆನ್ನು, ಒಳಗಿನ ವಿವರಕ್ಕೆ 0.5. ಮಳೆಯ ಗೆರೆಗಳನ್ನು ಅವರು 0.1ರಲ್ಲಿ ಎಳೆದಿದ್ದಾರೆ, ನೋಡಲು ಚಂದ. ಆದರೆ ಅರ್ಧಕ್ಕೆ ಇಳಿಸಿದಾಗ ಅವು ತುಂಡುತುಂಡಾಗಿ ಕೆಲವು ಕಾಣುವುದೇ ಇಲ್ಲ. ಕರಾವಳಿಯ ಮಳೆಗಾಲದಲ್ಲಿ ಕಾಗದ ಥಂಡಿ ಹಿಡಿದು ಶಾಯಿ ಅಂಚಿನಲ್ಲಿ ಹಬ್ಬುತ್ತದೆ. ನಯವಾದ 200 ಜಿಎಸ್ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕದ) ಹಾಳೆ, ನೀರಿಗೆ ಹರಡದ ಶಾಯಿ ಇರಲಿ. ಹಾಳೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಮುಚ್ಚಳದ ಡಬ್ಬಿಯಲ್ಲಿಡಿ. ಶಾಯಿ ಪೂರ್ತಿ ಒಣಗುವ ಮೊದಲು ರಬ್ಬರ್ ಮುಟ್ಟಿಸಬಾರದು. ಎರಡನೆಯ ಪಟ್ಟಿಯಲ್ಲಿ ಮಾವನ ಮೀಸೆ ಅಳಿಸಿಕೊಂಡಿರುವುದು ಹಾಗೆ.

‘ಅಡ್ಡಿಲ್ಲ’ದ ಪಟ್ಟಿಯ ಬಗ್ಗೆ. ಅತ್ತೆ ಪಾಯಸ ಬಡಿಸಿ ಕೇಳುತ್ತಾರೆ, ಮಾವ “ಅಡ್ಡಿಲ್ಲ” ಎನ್ನುತ್ತಾರೆ. ನಮ್ಮ ಜಿಲ್ಲೆಯಲ್ಲಿ ಈ ಒಂದು ಮಾತಿಗೆ ‘ಬಹಳ ಚೆನ್ನಾಗಿದೆ’ಯಿಂದ ‘ಹೇಗೋ ನಡೆಯುತ್ತದೆ’ವರೆಗೆ ಎಲ್ಲ ಅರ್ಥವೂ ಇದೆ. ಹೇಳುವವರ ಮುಖ ನೋಡಿ ತಿಳಿಯಬೇಕು, ಮುಖ ತೋರಿಸುವುದೇ ಕಾರ್ಟೂನಿನ ಕೆಲಸ. ಆದರೆ ಪ್ರತಿ ಪಟ್ಟಿಯಲ್ಲೂ ಇದನ್ನು ಆಡಿಸಿದರೆ ಸವೆಯುತ್ತದೆ. ನಾಲ್ಕೈದು ಪಟ್ಟಿಗೊಮ್ಮೆ ಸಾಕು. ಮಾವ ಹೊಸ ಅಂಗಿ ಹಾಕಿಕೊಂಡು ಬಂದು ನಿಂತ ದಿನ ಅತ್ತೆಯ ಬಾಯಲ್ಲಿ ಅದೇ ಮಾತು ಬರಲಿ.

ಸರಕು ಮುಗಿದೀತು ಎಂಬ ಅಂಜಿಕೆ ಬೇಡ. ಮನೆಯಲ್ಲಿ ಐದು ಜನ ಎಂದರೆ ಇಬ್ಬಿಬ್ಬರ ಜೋಡಿ ಹತ್ತು. ಜಗಲಿ, ಅಡುಗೆಮನೆ, ಅಂಗಳ, ಬಾವಿಕಟ್ಟೆ, ಅಟ್ಟ, ಬಸ್ ನಿಲ್ದಾಣ ಎಂದು ಆರು ಜಾಗ ಇಟ್ಟರೆ 60. ಮಳೆ, ಚಳಿ, ಬೇಸಿಗೆ ಸೇರಿದರೆ 180. ಇವುಗಳಲ್ಲಿ ಮೂರರಲ್ಲಿ ಒಂದು ಕುದುರಿದರೂ ತಿಂಗಳಿಗೊಂದರಂತೆ ಐದು ವರ್ಷಕ್ಕೆ ಸಾಕು. ಒಂದು ವಹಿಯಲ್ಲಿ ಹೀಗೆ ಕೋಷ್ಟಕ ಎಳೆದು, ಪ್ರತಿ ವ್ಯಕ್ತಿಯ ಎದುರು ಎರಡೇ ಸಾಲು ಬರೆಯಲಿ: ಇವರಿಗೆ ಯಾವಾಗಲೂ ಬೇಕಾದ್ದು ಏನು, ಇವರಿಗೆ ಎಂದೂ ಕಾಣದ್ದು ಏನು. ಜೊತೆಗೆ ಪ್ರತಿಯೊಬ್ಬರನ್ನೂ ಎದುರಿನಿಂದ, ಪಕ್ಕದಿಂದ, ಹಿಂದಿನಿಂದ ಒಂದೇ ಹಾಳೆಯಲ್ಲಿ ಬಿಡಿಸಿ ಗೋಡೆಗೆ ಅಂಟಿಸಿಕೊಳ್ಳಲಿ. ಈ ನಾಲ್ಕರಲ್ಲೇ ಮಾವ ಎರಡು ಕಡೆ ಅತ್ತೆಗಿಂತ ಎತ್ತರ, ಎರಡು ಕಡೆ ಗಿಡ್ಡ ಇದ್ದಾರೆ.

ಬೇರೆಯವರ ಕೈಚಳಕ ನೋಡಿ ಕಲಿಯುವುದಿದ್ದರೆ ಎರಡು ಹೇಳುತ್ತೇನೆ. ಆರ್.ಕೆ. ಲಕ್ಷ್ಮಣರ ಶ್ರೀಸಾಮಾನ್ಯ ಬಾಯಿ ಬಿಡುವುದಿಲ್ಲ, ನೋಡುತ್ತಾನೆ ಅಷ್ಟೇ. ಪಟ್ಟಿಯಲ್ಲಿ ಒಬ್ಬರು ಸುಮ್ಮನಿದ್ದರೆ ಉಳಿದವರ ಮಾತಿಗೆ ತೂಕ ಬರುತ್ತದೆ. ಬಿಲ್ ಕೀನ್ 1960ರಲ್ಲಿ ಆರಂಭಿಸಿದ ‘ದ ಫ್ಯಾಮಿಲಿ ಸರ್ಕಸ್’ನಲ್ಲಿ ಹುಡುಗ ಎಲ್ಲೆಲ್ಲಿ ಸುತ್ತಿ ಬಂದ ಎಂಬುದನ್ನು ಚುಕ್ಕೆಗಳ ಗೆರೆಯಲ್ಲಿ ತೋರಿಸುತ್ತಾರೆ. ಕರಿಬೇವು ತರಲು ಹಿತ್ತಲಿಗೆ ಹೋದ ನಿಮ್ಮ ಮೊಮ್ಮಗನ ದಾರಿಯನ್ನು ಹಾಗೆ ಎಳೆದು ನೋಡಲಿ: ಬಾವಿಕಟ್ಟೆ, ಕರು, ಪಕ್ಕದ ಮನೆಯ ಜಗಲಿ, ಇಶಾಡು ಮಾವಿನ ಮರದ ಬುಡ, ಕೊನೆಗೆ ಬರಿಗೈಲಿ ಅಡುಗೆಮನೆ.

ಮೊಮ್ಮಗನಿಗೆ ಎಂದೂ ನಾಲ್ಕೇ ವರ್ಷವೋ, ಓದುಗರ ಜೊತೆ ಬೆಳೆಯುತ್ತಾನೋ ಎಂಬುದನ್ನು ಮೊದಲೇ ನಿಶ್ಚಯಿಸಿಕೊಳ್ಳಬೇಕು. ಲಿನ್ ಜಾನ್‌ಸ್ಟನ್ 1979ರಲ್ಲಿ ಶುರುಮಾಡಿದ ‘ಫಾರ್ ಬೆಟರ್ ಆರ್ ಫಾರ್ ವರ್ಸ್’ನಲ್ಲಿ ಮಕ್ಕಳು ವರ್ಷ ಕಳೆದಂತೆ ದೊಡ್ಡವರಾದರು. ಅದು ಸೊಗಸು, ಆದರೆ ಅಂಥ ಪಟ್ಟಿಗೆ ಸಾವು ನೋವುಗಳೂ ಬರುತ್ತವೆ. ಮೊದಲ ಪ್ರಯತ್ನಕ್ಕೆ ವಯಸ್ಸು ನಿಲ್ಲಿಸುವುದೇ ಒಳ್ಳೆಯದೆಂದು ನನ್ನ ಅಭಿಪ್ರಾಯ.

ಯಾವುದೇ ಪಟ್ಟಿ ಕಳಿಸುವ ಮೊದಲು ಅದರಲ್ಲಿ ಇರುವವರಿಗೆ ತೋರಿಸಬೇಕು. ನಿಮ್ಮ ಯಜಮಾನರು ಹಪ್ಪಳದ್ದನ್ನು ನೋಡಿ ನಕ್ಕರೆ ಅಚ್ಚಿಗೆ ಕೊಡಿ. ಮುಖ ಸಪ್ಪೆಯಾದರೆ ಬೇಡ, ಅದು ಎಷ್ಟೇ ಚೆನ್ನಾಗಿದ್ದರೂ.

ಸ್ಕ್ಯಾನ್ 600 ಡಿಪಿಐ (ಇಂಚಿಗೆ 600 ಚುಕ್ಕೆ), ಕಪ್ಪು ಬಿಳುಪು, ಟಿಫ್ ಅಥವಾ ಪಿಎನ್‌ಜಿ ಫೈಲ್. ವಾಟ್ಸ್ಆ್ಯಪಿನಲ್ಲಿ ಫೋಟೊ ಎಂದು ಕಳಿಸಿದರೆ ಗೆರೆಯ ಅಂಚು ಒಡೆಯುತ್ತದೆ, ಡಾಕ್ಯುಮೆಂಟ್ ಎಂದು ಕಳಿಸಿ. ಮೂಲ ಚಿತ್ರ ನಿಮ್ಮಲ್ಲೇ ಇರಲಿ. ಮೊದಲ ಕಂತು ಅಚ್ಚಾಗುವ ಮುನ್ನ ಆರು ಪಟ್ಟಿ ಕೈಯಲ್ಲಿರಬೇಕು, ಜ್ವರ ಬಂದರೂ ಮದುವೆ ಮನೆ ಬಂದರೂ ಪುಟ ಖಾಲಿ ಬೀಳಬಾರದು. ಹಪ್ಪಳದ್ದು ಏಪ್ರಿಲ್ ಸಂಚಿಕೆಗೆ ಸರಿಹೋಗುತ್ತದೆ, ಆಗ ಎಲ್ಲರ ಅಂಗಳದಲ್ಲೂ ಚಾಪೆ ಹಾಸಿರುತ್ತದೆ. ತಿದ್ದಿದ್ದು ಮಾರ್ಚ್ 5ರೊಳಗೆ ನಮಗೆ ಮುಟ್ಟಲಿ.

ಸಂಪಾದಕ