ತಲುಪದ ಪತ್ರಗಳು

ಓದುಗರ ಪತ್ರ: "ಕಳೆದ ಸಂಚಿಕೆಯಲ್ಲಿ ಚೀನಾದ 1958ರ ನಂತರದ ಬರಗಾಲದ ಬಗ್ಗೆ ನಾಲ್ಕು ಪುಟ ಹಾಕಿದ್ದೀರಿ. ಎಂದೋ ಮುಗಿದ ಸಾವುಗಳನ್ನು ಈಗ ಕೆದಕಿ ಏನು ಪ್ರಯೋಜನ? ಹೈಸ್ಕೂಲಿನಲ್ಲಿ 31 ವರ್ಷ ಇತಿಹಾಸ ಪಾಠ ಮಾಡಿದವನು ನಾನು. ದೇಶ ತಿರುಗುವುದು ಗಟ್ಟಿ ನಾಯಕನಿಂದ. 1949ರಲ್ಲಿ ಮಾವೋ, 1978ರಲ್ಲಿ ಡೆಂಗ್ ಶಿಯಾವೊಪಿಂಗ್. ಒಬ್ಬ ತೀರ್ಮಾನ ಮಾಡಿದ, ಕೋಟಿ ಕೋಟಿ ಜನ ತಿರುಗಿದರು. ನಮ್ಮಲ್ಲಿ ಮಾತಾಡುವವರೇ ಜಾಸ್ತಿ, ಅದಕ್ಕೇ ಹೀಗಿದ್ದೇವೆ. ಇದನ್ನು ನೀವು ಅಚ್ಚು ಹಾಕುವುದಿಲ್ಲ ಅಂತ ಗೊತ್ತು." – ನಿವೃತ್ತ ಶಿಕ್ಷಕರು, ಹಾಸನ ಜಿಲ್ಲೆ

ಮೇಷ್ಟ್ರೇ, ನಮಸ್ಕಾರ.

ನಿಮ್ಮ ಪತ್ರ ಇನ್‌ಲ್ಯಾಂಡ್ ಲೆಟರಿನಲ್ಲಿ ಬಂತು. ಮೂರು ಮಗ್ಗುಲೂ ತುಂಬಿದ ಮೇಲೆ ಅಂಚಿನಲ್ಲಿ ಅಡ್ಡಡ್ಡ ಬರೆದಿದ್ದೀರಿ. ಕೋಪದಲ್ಲಿ ಬರೆದರೂ ಒಂದೇ ಒಂದು ಒತ್ತಕ್ಷರ ತಪ್ಪಿಲ್ಲ. ಇಂಥ ಪತ್ರ ಈಗ ತಿಂಗಳಿಗೆ ನಾಲ್ಕೋ ಐದೋ ಬಂದರೆ ಹೆಚ್ಚು. ಹಾಗಾಗಿ ಉದ್ದವಾಗಿಯೇ ಉತ್ತರ ಬರೆಯುತ್ತಿದ್ದೇನೆ. ಆದರೆ ನಿಮ್ಮ ಮಾತನ್ನು ಒಪ್ಪಲಾರೆ.

ಒಪ್ಪುವಷ್ಟನ್ನು ಮೊದಲು ಹೇಳಿಬಿಡುತ್ತೇನೆ. 1949ರಲ್ಲಿ ಚೀನಾದಲ್ಲಿ ಹುಟ್ಟಿದ ಮಗು ಸರಾಸರಿ 35 ವರ್ಷ ಬದುಕಿದರೆ ದೊಡ್ಡದು. ಮಾವೋ ಸಾಯುವ ಹೊತ್ತಿಗೆ ಆ ಆಯಸ್ಸು 60 ದಾಟಿತ್ತು. 1950ರ ಮದುವೆ ಕಾನೂನು ಹೆಣ್ಣುಮಕ್ಕಳನ್ನು ಕೊಂಡು ತರುವುದನ್ನು ನಿಷೇಧಿಸಿತು. ನಮ್ಮಲ್ಲಿ ಸದ್ದಿಲ್ಲದೆ ವರ್ಷ ವರ್ಷ ಆಗುವ ಹಸಿವಿನ ಸಾವುಗಳ ಬಗ್ಗೆ ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ನಮ್ಮನ್ನೇ ಬೈದಿದ್ದಾರೆ, ಆ ಬೈಗುಳ ನಮಗೆ ಬೇಕಾದದ್ದೇ. ಮಾವೋ ನಂತರ ಅಧಿಕಾರ ಹಿಡಿದ ಡೆಂಗ್ ಕಾಲದಿಂದ ಈಚೆಗೆ ಅಲ್ಲಿ ಬಡತನದಿಂದ ಮೇಲೆದ್ದವರ ಲೆಕ್ಕ ಹತ್ತಾರು ಕೋಟಿ. ಇದೆಲ್ಲ ನಿಜ.

ಆದರೆ ಒಬ್ಬ ತೀರ್ಮಾನ ಮಾಡಿದ್ದರಿಂದ ದೇಶ ತಿರುಗಿತು ಅಂದಿರಲ್ಲ, ಅಲ್ಲಿ ನನಗೆ ತಕರಾರಿದೆ. ಚೀನಾದ ನೂರೈವತ್ತು ವರ್ಷದ ಚರಿತ್ರೆಯನ್ನು ನಾನು ಓದಿಕೊಂಡಿರುವುದು ಪತ್ರಗಳ ಮೂಲಕ. ಕೆಳಗಿನಿಂದ ಬರೆದದ್ದು ಮೇಲಕ್ಕೆ ತಲುಪಿತೋ ಇಲ್ಲವೋ ಎಂದು ನೋಡುತ್ತೇನೆ. ಪತ್ರಿಕೆ ನಡೆಸುವವನ ಕಣ್ಣು ಅಲ್ಲಿಗೇ ಹೋಗುತ್ತದೆ.

ಮೊದಲ ಪತ್ರ 1839ರದು. ಅಫೀಮು ತಡೆಯಲು ಗುವಾಂಗ್‌ಝೌಗೆ ಬಂದ ಅಧಿಕಾರಿ ಲಿನ್ ಝೆಶು ಇಂಗ್ಲೆಂಡಿನ ವಿಕ್ಟೋರಿಯಾ ರಾಣಿಗೆ ಒಂದು ಪತ್ರ ಬರೆದ. ನಿಮ್ಮ ದೇಶದಲ್ಲಿ ಅಫೀಮಿಗೆ ಕಡಿವಾಣ ಹಾಕಿ ನಮ್ಮ ದೇಶಕ್ಕೆ ತಂದು ಸುರಿಯುತ್ತೀರಲ್ಲ, ಇದು ನ್ಯಾಯವಾ ಅಂತ ಅದರ ತಾತ್ಪರ್ಯ. ಆ ಅಫೀಮು ಬೆಳೆದದ್ದು ನಮ್ಮ ಬಿಹಾರದ ಕಡೆಯ ಹೊಲಗಳಲ್ಲಿ, ಮಾಳವದಲ್ಲಿ. ಬೆಳೆದ ರೈತನಿಗೆ ಉಳಿದದ್ದು ಸಾಲ. ಲಿನ್ ಇಪ್ಪತ್ತು ಸಾವಿರಕ್ಕೂ ಹೆಚ್ಚು ಪೆಟ್ಟಿಗೆ ಅಫೀಮನ್ನು ಹುಮೆನ್ ಎಂಬಲ್ಲಿ ಹೊಂಡ ತೋಡಿ, ಉಪ್ಪು ಸುಣ್ಣ ಹಾಕಿ ಕರಗಿಸಿ ಸಮುದ್ರಕ್ಕೆ ಬಿಟ್ಟ. ಪತ್ರ ರಾಣಿಯ ಕೈ ಸೇರಲೇ ಇಲ್ಲ. ಬಂದದ್ದು ಯುದ್ಧದ ಹಡಗು. ಆ ಹಡಗುಗಳಲ್ಲಿ ಮದ್ರಾಸಿನ ಸಿಪಾಯಿಗಳೂ ಇದ್ದರು. 1842ರಲ್ಲಿ ಹಾಂಕಾಂಗ್ ಕೈಬಿಟ್ಟಿತು, ಐದು ಬಂದರು ತೆರೆದುಕೊಟ್ಟಿದ್ದಾಯಿತು.

ನಡುವೆ ಒಂದು ಮಾತು. ಚೀನಾದವರೂ ನಮ್ಮ ಹಾಗೇ 60 ವರ್ಷಕ್ಕೊಮ್ಮೆ ತಿರುಗುವ ಸಂವತ್ಸರಗಳ ಹೆಸರಿನಲ್ಲಿ ವರ್ಷ ಎಣಿಸುತ್ತಿದ್ದರು. 1911ರಲ್ಲಿ ರಾಜರ ಆಳ್ವಿಕೆ ಬೀಳಿಸಿದ ಕ್ರಾಂತಿಗೆ ಅವರಲ್ಲಿ ಹೆಸರು 'ಶಿನ್‌ಹಾಯ್ ಕ್ರಾಂತಿ', ಅಂದರೆ ಶಿನ್‌ಹಾಯ್ ಸಂವತ್ಸರದ ಕ್ರಾಂತಿ. ಹಳೆ ಮೈಸೂರಿನ ಹಿರಿಯರು 'ಧಾತು ವರ್ಷದ ಬರ' ಅನ್ನುತ್ತಿದ್ದುದು ನಿಮಗೆ ನೆನಪಿರಬೇಕು. 1876ರದು. ಅದೇ ವರ್ಷಗಳಲ್ಲಿ ಉತ್ತರ ಚೀನಾದಲ್ಲೂ ಮಳೆ ಹೋಯಿತು. ಅವರು ಅದನ್ನು ಕರೆಯುವುದೂ ಸಂವತ್ಸರದ ಹೆಸರಿನಿಂದಲೇ, 'ದಿಂಗ್-ವು ಬರ' ಅಂತ. ಅಲ್ಲಿ ಸತ್ತವರು ಒಂದು ಕೋಟಿಯ ಆಸುಪಾಸು. ಇಲ್ಲಿ ವೈಸರಾಯ್, ಅಲ್ಲಿ ಚಕ್ರವರ್ತಿ. ಇಬ್ಬರೂ ಗಟ್ಟಿ ಕುರ್ಚಿಯ ಮೇಲೆ ಕೂತವರೇ ಮೇಷ್ಟ್ರೇ.

ಈಗ ನೀವು ಕೆದಕಬೇಡಿ ಅಂದ ಬರಗಾಲಕ್ಕೆ ಬರುತ್ತೇನೆ.

1958ರ ಆಗಸ್ಟ್‌ನಲ್ಲಿ ಚೀನಾದ ದೊಡ್ಡ ಪತ್ರಿಕೆಯಲ್ಲಿ ಒಂದು ಫೋಟೋ ಬಂತು. ಮಾಗಿದ ಭತ್ತದ ತೆನೆಯ ಮೇಲೆ ಮಕ್ಕಳು ನಿಂತು ನಗುತ್ತಿದ್ದಾರೆ. ಪೈರು ಅಷ್ಟು ಒತ್ತಾಗಿದೆ, ಮಕ್ಕಳು ನಿಂತರೂ ಬಾಗುವುದಿಲ್ಲ ಅಂತ. ಅಸಲಿಗೆ ಬೇರೆ ಬೇರೆ ಗದ್ದೆಗಳ ಪೈರು ಕಿತ್ತು ತಂದು ಒಂದೇ ಗದ್ದೆಯಲ್ಲಿ ತುರುಕಿದ್ದರು. ಗದ್ದೆ ಕಂಡ ಯಾರಿಗೂ ಅದು ಸುಳ್ಳೆಂದು ಗೊತ್ತಾಗುತ್ತದೆ. ನಾಟಿ ಮಾಡುವ ಹೆಂಗಸನ್ನು ಕೇಳಿದ್ದರೆ ಸಾಕಿತ್ತು. ಆದರೂ ಅಚ್ಚಾಯಿತು. ಆ ಫೋಟೋ ನೋಡಿದಾಗಲೆಲ್ಲ ಅದಕ್ಕೆ ಅಡಿಬರಹ ಬರೆದವನ ಬಗ್ಗೆ ಯೋಚಿಸುತ್ತೇನೆ. ಅವನೂ ನನ್ನ ಕಸುಬಿನವನೇ ಅಲ್ವಾ?

ಹೆಚ್ಚು ಬೆಳೆದು ತೋರಿಸಿ ಎಂದು ಮೇಲಿನಿಂದ ಒತ್ತಡ. ಒಂದು ಊರು ಸುಳ್ಳು ಇಳುವರಿ ಹೇಳಿತು, ಪಕ್ಕದ ಊರು ಅದಕ್ಕಿಂತ ಹೆಚ್ಚು ಹೇಳಿತು. ಸರ್ಕಾರ ಆ ಸುಳ್ಳು ಲೆಕ್ಕ ಹಿಡಿದೇ ಲೆವಿ ಧಾನ್ಯ ಕೇಳಿತು. ಇಲ್ಲದ ಧಾನ್ಯವನ್ನು ಕೊಡುವುದೆಲ್ಲಿಂದ? ಬಿತ್ತನೆ ಬೀಜವೂ ಹೋಯಿತು. 1959ರಲ್ಲಿ ಜನ ಮರದ ತೊಗಟೆ ತಿನ್ನುತ್ತಿದ್ದಾಗ ಚೀನಾ 40 ಲಕ್ಷ ಟನ್‌ಗೂ ಹೆಚ್ಚು ಧಾನ್ಯ ಹೊರದೇಶಕ್ಕೆ ಮಾರಿತು.

ಆ ಜುಲೈನಲ್ಲಿ ಒಬ್ಬರು ಪತ್ರ ಬರೆದರು. ರಕ್ಷಣಾ ಮಂತ್ರಿ ಪೆಂಗ್ ಡೆಹುವಾಯ್. ರೈತರ ಮನೆಯಲ್ಲಿ ಹುಟ್ಟಿ ಹಸಿವು ಕಂಡವರು, ಕೊರಿಯಾ ಯುದ್ಧದಲ್ಲಿ ಚೀನಾದ ಸೇನೆ ನಡೆಸಿದವರು. ಹಳ್ಳಿ ಸುತ್ತಿ ಬಂದಿದ್ದರು. ಲುಶಾನ್ ಬೆಟ್ಟದಲ್ಲಿ ಪಕ್ಷದ ಸಭೆ ನಡೆಯುತ್ತಿತ್ತು. ಜುಲೈ 14ಕ್ಕೆ ಮಾವೋಗೆ ಖಾಸಗಿಯಾಗಿ ಪತ್ರ ಕೊಟ್ಟರು. ಬಹಳ ಮೆದುವಾಗಿ, ಸಾಧನೆಗಳನ್ನು ಮೊದಲು ಹೊಗಳಿ, ಆಮೇಲೆ ಲೆಕ್ಕ ತಪ್ಪುತ್ತಿದೆ ಎಂದು ಬರೆದದ್ದು. ಈ ಪತ್ರ ತಲುಪಿತು. ಮಾವೋ ಅದನ್ನು ಪ್ರತಿ ಮಾಡಿಸಿ ಸಭೆಗೆಲ್ಲ ಹಂಚಿಸಿ, ಬರೆದವರ ಮೇಲೇ ವಿಚಾರಣೆ ನಡೆಸಿದರು. ಪೆಂಗ್ ಮಂತ್ರಿಗಿರಿ ಹೋಯಿತು. ಮುಂದೆ 1966ರಲ್ಲಿ ಮಾವೋ ಎಬ್ಬಿಸಿದ ಸಾಂಸ್ಕೃತಿಕ ಕ್ರಾಂತಿ ಎಂಬ ದಾಂಧಲೆಯಲ್ಲಿ ಅವರನ್ನು ಬೀದಿಯಲ್ಲಿ ಮೆರವಣಿಗೆ ಮಾಡಿ ಹೊಡೆದರು. 1974ರಲ್ಲಿ ಬಂಧನದಲ್ಲೇ ಸತ್ತರು. ಅಂಥವರಿಗೇ ಹೀಗಾದರೆ ಊರಿನ ಶಾನುಭೋಗನಂಥವನು ಬಾಯಿ ಬಿಡುತ್ತಾನಾ?

ಹೆನಾನ್ ಪ್ರಾಂತದ ಶಿನ್ಯಾಂಗ್ ಜಿಲ್ಲೆಯಲ್ಲಿ ಸುಮಾರು 80 ಲಕ್ಷ ಜನ ಇದ್ದರು. ಅಲ್ಲಿ ಕಡಿಮೆ ಅಂದರೂ ಹತ್ತು ಲಕ್ಷ ಜನ ಸತ್ತರು. ಉಗ್ರಾಣದಲ್ಲಿ ಧಾನ್ಯ ಇತ್ತು. ಭಿಕ್ಷೆ ಬೇಡಲು ಊರು ಬಿಡದಂತೆ ದಾರಿಗಳಲ್ಲಿ ಕಾವಲು ಹಾಕಿದರು. ಜನ ಪತ್ರ ಬರೆದರು. ಪಟ್ಟಣದಲ್ಲಿದ್ದ ಮಗನಿಗೆ, ಸೈನ್ಯದಲ್ಲಿದ್ದ ಅಣ್ಣನಿಗೆ, ಮೇಲಿನ ಅಧಿಕಾರಿಗಳಿಗೆ. ಅಂಥ 12,000 ಪತ್ರಗಳನ್ನು ಅಂಚೆ ಕಚೇರಿಯಲ್ಲೇ ತಡೆಹಿಡಿದರು.

ಹನ್ನೆರಡು ಸಾವಿರ ಪತ್ರ. ಮೇಷ್ಟ್ರೇ, ಈ ಒಂದು ಸಂಗತಿ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇದನ್ನು ಹೊರಗೆ ತಂದವರು ಶಿನ್ಹುವಾ ಸುದ್ದಿ ಸಂಸ್ಥೆಯ ವರದಿಗಾರ ಯಾಂಗ್ ಜಿಶೆಂಗ್. 1959ರಲ್ಲಿ ಅವರ ತಂದೆ ಹಸಿವಿನಿಂದ ಸತ್ತರು. ಆಗ ಅವರಿಗೆ ಇನ್ನೂ ಇಪ್ಪತ್ತಾಗಿರಲಿಲ್ಲ. ಇದು ನಮ್ಮೊಂದು ಮನೆಯ ದುರದೃಷ್ಟ ಅಂದುಕೊಂಡಿದ್ದರಂತೆ. ಪಕ್ಕದ ಜಿಲ್ಲೆಯಲ್ಲೂ ಹೀಗೇ ಎಂದು ಹೇಳುವ ಪತ್ರಿಕೆ ಇರಲಿಲ್ಲವಲ್ಲ. ದಶಕಗಳ ನಂತರ ಪ್ರಾಂತ ಪ್ರಾಂತದ ದಫ್ತರ ತೆಗೆಸಿ ನೋಡಿದರು. ಅವರ ಲೆಕ್ಕ 3 ಕೋಟಿ 60 ಲಕ್ಷ ಸಾವು. ಕಡಿಮೆ ಹೇಳುವವರಲ್ಲೂ ಹೆಚ್ಚಿನವರು ಒಂದೂವರೆ ಕೋಟಿ ಎನ್ನುತ್ತಾರೆ. ಪತ್ರಿಕೆ ಬಾಯಿ ಬಿಡುವ, ಓಟು ಹಾಕುವ ದೇಶದಲ್ಲಿ ಇಂಥ ದೊಡ್ಡ ಬರಗಾಲ ಆಗುವುದಿಲ್ಲ ಎಂದು ಸೇನ್ ಹೇಳಿದ್ದು ಇದನ್ನು ಎದುರಿಗಿಟ್ಟುಕೊಂಡೇ. ನೀವು ಯಾರನ್ನು 'ಮಾತಾಡುವವರೇ ಜಾಸ್ತಿ' ಅಂದಿರೋ ಅವರೇ ನಮ್ಮನ್ನು ಕಾದವರು.

ಇನ್ನು ನಿಮ್ಮ 1978. ಅನ್ಹುಯಿ ಪ್ರಾಂತದ ಶಿಯಾವೊಗಾಂಗ್ ಚಿಕ್ಕ ಊರು, ಇಪ್ಪತ್ತು ಮನೆ. ಮಹಾ ಬರದಲ್ಲಿ ಅಲ್ಲಿ ಸುಮಾರು 60 ಜನ ಸತ್ತಿದ್ದರು. ಚಳಿಗಾಲ ಬಂದರೆ ಡೋಲು ಹಿಡಿದು ಭಿಕ್ಷೆಗೆ ಹೊರಡುವ ಸೀಮೆ ಅದು. ಆ ವರ್ಷವೂ ಮಳೆ ಇಲ್ಲ. ಒಂದು ರಾತ್ರಿ 18 ಮನೆಯ ಯಜಮಾನರು ಒಂದು ಮಣ್ಣಿನ ಮನೆಯಲ್ಲಿ ಸೇರಿದರು. ಎಲ್ಲರೂ ಒಟ್ಟಾಗಿ ಗೇಯುವ ಕಮ್ಯೂನಿನ ಜಮೀನನ್ನು ಮನೆಮನೆಗೆ ಹಂಚಿಕೊಳ್ಳೋಣ, ಸರ್ಕಾರದ ಪಾಲು ಕೊಟ್ಟು ಉಳಿದದ್ದು ಮನೆಗೆ. ಇದು ಆಗ ಜೈಲಿಗೆ ಹೋಗುವ ಅಪರಾಧ. ಒಂದು ಕಾಗದದ ಮೇಲೆ ಬರೆದರು. ಮುಂದಾಳುಗಳು ಜೈಲಿಗೆ ಹೋದರೆ ಅವರ ಮಕ್ಕಳನ್ನು 18 ವರ್ಷದವರೆಗೆ ಊರೇ ಸಾಕಬೇಕು ಅಂತ ಒಂದು ಸಾಲು. ಕೆಳಗೆ ಕೆಂಪು ಶಾಯಿಯಲ್ಲಿ ಹೆಬ್ಬೆಟ್ಟು.

ಹೆಬ್ಬೆಟ್ಟು ಅಂದರೆ ನನಗೆ ನೇರಳೆ ಬಣ್ಣವೇ ಕಣ್ಣ ಮುಂದೆ ಬರುತ್ತದೆ. ನಮ್ಮ ತಂದೆ ಊರಿನವರಿಗೆ ಅರ್ಜಿ ಬರೆದುಕೊಡುತ್ತಿದ್ದರು. ಎಪ್ಪತ್ತೆರಡರ ಬರದಲ್ಲಿ ಜಗುಲಿಯ ತುಂಬ ಜನ. ಹೆಬ್ಬೆಟ್ಟು ಒತ್ತಿಸುವ ಕೆಲಸ ನನ್ನದು. ಗೇಯುವವರ ಬೆರಳು ಒರಟು, ಗೆರೆ ಸರಿಯಾಗಿ ಮೂಡುತ್ತಿರಲಿಲ್ಲ, ಇನ್ನೊಂದು ಸಲ ಒತ್ತಿಸಬೇಕಾಗುತ್ತಿತ್ತು. ಒತ್ತಿ ಆದಮೇಲೆ ಶಾಯಿಯನ್ನು ತಲೆಗೂದಲಿಗೆ ಒರೆಸಿಕೊಂಡು, "ಇದು ಮುಟ್ತದೇನಪ್ಪಾ?" ಅಂತ ಕೇಳುತ್ತಿದ್ದರು. ಅಪ್ಪ ಇಟ್ಟುಕೊಂಡ ನಕಲುಗಳು ಈಗಲೂ ನನ್ನ ಹತ್ತಿರ ಇವೆ. ಒಂಬತ್ತು ಅರ್ಜಿ. ಒಂದಕ್ಕೂ ಉತ್ತರ ಬಂದಿಲ್ಲ.

ಶಿಯಾವೊಗಾಂಗ್‌ನಲ್ಲಿ ಮುಂದಿನ ವರ್ಷ ಫಸಲು ಹಿಂದಿನದರ ಹಲವು ಪಟ್ಟು ಬಂತು. ಪ್ರಾಂತದ ಮುಖ್ಯಸ್ಥ ವಾನ್ ಲಿ ಜೈಲಿಗೆ ಹಾಕುವ ಬದಲು ಬೆನ್ನಿಗೆ ನಿಂತರು. ನೀವು ಹೇಳುವ ಡೆಂಗ್ ತಿರುವಿಗೆ ಗುರುತಾದ ಪಕ್ಷದ ದೊಡ್ಡ ಸಭೆ ನಡೆದದ್ದು 1978ರ ಡಿಸೆಂಬರ್‌ನಲ್ಲಿ. ಅಲ್ಲಿ ಒಪ್ಪಿದ ಕೃಷಿ ಕರಡಿನಲ್ಲಿ ಜಮೀನನ್ನು ಮನೆಗಳಿಗೆ ಹಂಚಕೂಡದು ಎಂದೇ ಬರೆದಿತ್ತು! ಸರ್ಕಾರದ ಕಾಗದ ಆ ಹೊಲಗಳ ಸಮಕ್ಕೆ ಬಂದದ್ದು 1982ರಲ್ಲಿ. ಡೆಂಗ್ ಸ್ವತಃ 1992ರಲ್ಲಿ ಒಪ್ಪಿಕೊಂಡರು, ಇದನ್ನು ಕಂಡುಹಿಡಿದವರು ರೈತರು ಅಂತ.

ಡೆಂಗ್ ದೊಡ್ಡವರಾದದ್ದು ಕೇಳಿಸಿಕೊಂಡದ್ದರಿಂದ. ನೀವು ಮೇಷ್ಟ್ರು, ನಿಮಗೆ ಇದು ಇಷ್ಟವಾಗುತ್ತದೆ. 1977ರ ಆಗಸ್ಟ್‌ನಲ್ಲಿ ಅವರು ಕರೆದ ಸಭೆಯಲ್ಲಿ ವುಹಾನ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರದ ಮೇಷ್ಟ್ರು ಝಾ ಕ್ವಾನ್‌ಶಿಂಗ್ ಎದ್ದು ನಿಂತು, ಶಿಫಾರಸಿನ ಮೇಲೆ ಕಾಲೇಜು ಸೀಟು ಕೊಡುವುದನ್ನು ನಿಲ್ಲಿಸಿ, ಪರೀಕ್ಷೆ ಮತ್ತೆ ತನ್ನಿ ಅಂದರು. ಡೆಂಗ್ ಅದನ್ನು ಹಿಡಿದುಕೊಂಡರು. ಆ ಚಳಿಗಾಲವೇ ಪರೀಕ್ಷೆ ನಡೆಯಿತು. ಹೊಲದಿಂದ, ಕಾರ್ಖಾನೆಯಿಂದ ಬಂದು 57 ಲಕ್ಷ ಜನ ಬರೆದರು. ಸೀಟು ಸಿಕ್ಕಿದ್ದು ಸುಮಾರು 2 ಲಕ್ಷ 70 ಸಾವಿರ ಜನಕ್ಕೆ. ನಿಮ್ಮಂಥ ಒಬ್ಬರು ಎದ್ದು ನಿಂತದ್ದರಿಂದ ಒಂದು ತಲೆಮಾರಿನ ಬದುಕೇ ಬದಲಾಯಿತು. 31 ವರ್ಷದಲ್ಲಿ ಆ ಮೇಷ್ಟ್ರ ಕಥೆ ಮಕ್ಕಳಿಗೆ ಹೇಳಿದ್ದೀರಾ?

ತಪ್ಪು ನಿಮ್ಮೊಬ್ಬರದಲ್ಲ. ನಮ್ಮ ಪ್ರಶ್ನೆಪತ್ರಿಕೆಯೇ ಹಾಗಿದೆ. 'ಚೀನಾ ಗಣರಾಜ್ಯವಾದ ವರ್ಷ ______.' ಒಂದು ಅಂಕ. ವರ್ಷ ತುಂಬಿಸಿದ ಹುಡುಗ ದೊಡ್ಡವನಾಗಿ ನಾಯಕನ ಫೋಟೋ ಫಾರ್ವರ್ಡ್ ಮಾಡುತ್ತಾನೆ. ಪತ್ರಿಕೆಯವರೂ ಕಡಿಮೆಯಿಲ್ಲ. ಬಂದ ಪ್ರೆಸ್ ನೋಟನ್ನು ತಲೆಬರಹ ಬದಲಿಸಿ ಹಾಗೇ ಹಾಕುವುದು ನಮ್ಮ ಕಸುಬಾಗುತ್ತಿದೆ. ದಾಖಲೆ ಇಳುವರಿ ಎಂದು ಸುದ್ದಿ ಬಂದರೆ ಗದ್ದೆಗೆ ಹೋಗಿ ನೋಡಿ ಬರುವ ವರದಿಗಾರ ಇಂದು ಎಷ್ಟು ಪತ್ರಿಕೆಯಲ್ಲಿದ್ದಾನೆ? ಹೋಬಳಿಯ ವರದಿಗಾರನಿಗೆ ಬಸ್ ಚಾರ್ಜು ಕೊಡಲೂ ಹಿಂದೆಮುಂದೆ ನೋಡುತ್ತೇವೆ. ಊರಿನ ಬೋರ್‌ವೆಲ್ ಕೆಟ್ಟ ಬಗ್ಗೆ ಒಂದು ಕಾರ್ಡ್ ಬಂದರೆ, ಜಾಗ ಇಲ್ಲ ಅಂತ ಪಕ್ಕಕ್ಕೆ ಇಡುತ್ತೇವೆ. ನಾನೂ ಇಟ್ಟಿದ್ದೇನೆ. ಈ ವಾರ ಆ ಕಟ್ಟು ಬಿಚ್ಚಿದೆ. 43 ಪತ್ರ ಇದ್ದವು. ಮುಂದಿನ ಸಂಚಿಕೆಯಿಂದ ವಾರಕ್ಕೆರಡು ಪುಟ ಅವಕ್ಕೇ ಮೀಸಲು.

ನಿಮ್ಮ ಪತ್ರವನ್ನು ಮುಖ್ಯ ಮಾತಿಗೆ ಇಳಿಸಿಕೊಂಡಿದ್ದೇನೆ. ಹೆಸರು ಬೇಡ ಅಂದಿರಿ, ಹಾಕಿಲ್ಲ. ಅಚ್ಚು ಹಾಕುವುದಿಲ್ಲ ಅಂತ ಗೊತ್ತು ಎಂದು ಅಂಚಿನಲ್ಲಿ ಬರೆದಿದ್ದಿರಲ್ಲ, ಆ ಸಾಲನ್ನು ಮಾತ್ರ ಇದ್ದ ಹಾಗೇ ಹಾಕಿದ್ದೇನೆ.
– ಸಂಪಾದಕ