ನಾವು ಮಾಡದ ತಪ್ಪಿಗೂ, ಮಾಡಿದವರು 'ನಮ್ಮವರು' ಎಂಬ ಕಾರಣಕ್ಕೆ ಅಳುಕುತ್ತೇವೆ. ಆ ಅಳುಕು, ತಪ್ಪನ್ನು ಯಾವ ಪದಗಳಲ್ಲಿ ಹೇಳುತ್ತೇವೆ ಎಂಬುದರ ಮೇಲೆ ನಿಂತಿದೆಯಾ?

ಹೌದು, ನಾವು ಅಂದುಕೊಂಡಿದ್ದಕ್ಕಿಂತ ಜಾಸ್ತಿ. ಮಾತು ಯಾರ ಬಗ್ಗೆ ಶುರುವಾಗುತ್ತದೋ ನಮ್ಮ ಗಮನ ಅವರ ಮೇಲೆ ಹೋಗುತ್ತದೆ. ಹೊಣೆಯೂ ಅದರ ಹಿಂದೆಯೇ ಹೋಗುತ್ತದೆ.

"ಅವರಿಗೆ ಕೆಲಸ ಸಿಗುವುದು ಕಷ್ಟ" ಎಂದರೆ ಅಯ್ಯೋ ಪಾಪ ಅನ್ನಿಸುತ್ತದೆ, ಅಷ್ಟೇ. ಅದನ್ನೇ "ನಮಗೆ ಸುಲಭವಾಗಿ ಸಿಗುತ್ತದೆ" ಎಂದು ತಿರುಗಿಸಿದರೆ ಒಳಗೆಲ್ಲೋ ಚುಚ್ಚುತ್ತದೆ. 2005ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಇದನ್ನೇ ಪರೀಕ್ಷಿಸಿತ್ತು. ಅಸಮಾನತೆಯನ್ನು ಕಪ್ಪುವರ್ಣೀಯರ ತೊಂದರೆ ಎಂದು ಓದಿದ ಬಿಳಿಯರಿಗಿಂತ, ಬಿಳಿಯರಿಗಿರುವ ಅನುಕೂಲ ಎಂದು ಓದಿದ ಬಿಳಿಯರಲ್ಲಿ ತಪ್ಪಿನ ಭಾವ ಹೆಚ್ಚಿತ್ತು.

ಇನ್ನು ಈ ತಪ್ಪಿನ ಭಾವ, ಅಂದರೆ ಪಾಪಪ್ರಜ್ಞೆ ಬೇರೆ, ನಾಚಿಕೆ ಬೇರೆ. "ನಮ್ಮವರು ಮಾಡಿದ್ದು ತಪ್ಪು" ಎಂಬ ಮಾತು ಕೆಲಸದ ಕಡೆ ಬೆರಳು ತೋರಿಸುತ್ತದೆ. ಮಾಡಿದ್ದನ್ನು ಸರಿಪಡಿಸಬಹುದು, ಅಲ್ವಾ? ಹಾಗಾಗಿ ಮನಸ್ಸು ಕ್ಷಮೆ, ಪರಿಹಾರದ ಕಡೆ ಹೊರಳುತ್ತದೆ. "ನಮ್ಮ ಜನವೇ ಹೀಗೆ" ಎಂದರೆ ಗುಣಕ್ಕೇ ಪೆಟ್ಟು. ಆಗ ಬರುವ ನಾಚಿಕೆ ಎಷ್ಟೋ ಸಲ ಮುಖ ಮರೆಸಿಕೊಳ್ಳುವುದರಲ್ಲೋ ಸಿಟ್ಟಿನಲ್ಲೋ ಮುಗಿಯುತ್ತದೆ.

"ತಪ್ಪುಗಳು ನಡೆದವು" ಅನ್ನೋ ಹೇಳಿಕೆ ಕೇಳಿರುತ್ತೀರಿ. ಅದರಲ್ಲಿ ಮಾಡಿದವರೇ ಇಲ್ಲ. ರಾಜಕಾರಣಿಗಳು ಅದನ್ನು ಸುಮ್ನೆ ಬಳಸುವುದಿಲ್ಲ.