ಹಸಿ ಕೋಳಿ ತೊಳೆಯಬೇಕೇ? ಆಲೂರಿನ ಓದುಗರಿಗೆ ಸಂಪಾದಕರ ಉತ್ತರ

ಆಲೂರು ತಾಲ್ಲೂಕಿನ ಓದುಗರೊಬ್ಬರು ಎರಡು ಪುಟದ ಪತ್ರ ಬರೆದಿದ್ದಾರೆ. ಹೆಸರು ಬೇಡ ಎಂದಿರುವುದರಿಂದ ಹಾಕಿಲ್ಲ. ಪತ್ರದ ಸಾರ ಇಷ್ಟು: ಹೊಸತೊಡಕಿನ ದಿನ ಅಂಗಡಿಯಿಂದ ಕೋಳಿ ತಂದಿದ್ದಾರೆ. ಅತ್ತೆ ಎಂದಿನಂತೆ ಸಿಂಕಿನ ಮುಂದೆ ನಿಂತು, ಅರಿಶಿನ, ಕಲ್ಲುಪ್ಪು ಹಾಕಿ ಉಜ್ಜಿ, ಮೂರು ನೀರಿನಲ್ಲಿ ತೊಳೆಯಲು ಶುರುಮಾಡಿದ್ದಾರೆ. ಹಾಸನದಲ್ಲಿ ನರ್ಸಿಂಗ್ ಓದುತ್ತಿರುವ ಮಗಳು, "ಅಜ್ಜಿ, ಕೋಳಿ ತೊಳೀಬಾರ್ದು, ಕಾಯಿಲೆ ಬರುತ್ತೆ" ಎಂದಿದ್ದಾಳೆ. "ಹಂಗಾದ್ರೆ ಇಷ್ಟು ವರ್ಷ ನಾನು ಈ ಮನೆಯೋರಿಗೆ ಕಾಯಿಲೆ ಬಡಿಸ್ದೆನಾ?" ಎಂದ ಅತ್ತೆ ಅಂದು ಊಟಕ್ಕೆ ಕೂರಲಿಲ್ಲ. "ಇವರಲ್ಲಿ ಯಾರು ಸರಿ? ತೊಳೆಯದೆ ಒಲೆಗೆ ಹಾಕಲು ನನಗೂ ಮನಸ್ಸು ಬರುವುದಿಲ್ಲ. ತೊಳೆದ ನೀರನ್ನು ಗಿಡಕ್ಕೆ ಹಾಕುತ್ತೇವೆ, ಅದೂ ತಪ್ಪೇ?" ಎಂದು ಕೇಳಿದ್ದಾರೆ.

ಅಮ್ಮಾ, ನಿಮ್ಮ ಮಗಳು ಹೇಳಿದ್ದು ಸರಿ. ಹಸಿ ಕೋಳಿಯನ್ನು ನಲ್ಲಿಗೆ ಹಿಡಿದು ತೊಳೆಯಬಾರದು. ಹಾಗೆಯೇ, ನಿಮ್ಮ ಅತ್ತೆಯವರು ಇಷ್ಟು ವರ್ಷ ಕುದಿಸಿ ಬಡಿಸಿದ ಸಾರಿನಲ್ಲೂ ಯಾವ ದೋಷವೂ ಇಲ್ಲ. ಅಪಾಯ ಇರುವುದು ಸಾರಿನ ಪಕ್ಕದಲ್ಲಿಡುವ ಹಸಿ ಈರುಳ್ಳಿ, ಸೌತೆಕಾಯಿ, ನಿಂಬೆಹೋಳಿನ ತಟ್ಟೆಯಲ್ಲಿ.

ಆರೋಗ್ಯವಾಗಿ ಓಡಾಡಿಕೊಂಡಿರುವ ಕೋಳಿಯ ಕರುಳಿನಲ್ಲೂ ಕ್ಯಾಂಪಿಲೋಬ್ಯಾಕ್ಟರ್, ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾಗಳು ಇರಬಹುದು. ಕೋಳಿಗೆ ಅವುಗಳಿಂದ ತೊಂದರೆಯಾಗುವುದು ಕಡಿಮೆ, ಮನುಷ್ಯರ ಹೊಟ್ಟೆಗೆ ಹೋದರೆ ಜ್ವರ, ಹೊಟ್ಟೆನೋವು, ಭೇದಿ. ಅಂಗಡಿಯಲ್ಲಿ ಏನು ನಡೆಯುತ್ತದೆ ಎಂದು ಒಮ್ಮೆ ನಿಂತು ನೋಡಿ. ಕೊಯ್ದ ಕೋಳಿಯನ್ನು ಬಿಸಿನೀರಿಗೆ ಅದ್ದುತ್ತಾರೆ, ರಬ್ಬರ್ ಬೆರಳುಗಳಿರುವ ಡ್ರಮ್ಮಿನಲ್ಲಿ ತಿರುಗಿಸಿ ಪುಕ್ಕ ತೆಗೆಯುತ್ತಾರೆ, ಕರುಳು ಎಳೆದು ಮರದ ಕೊರಡಿನ ಮೇಲೆ ತುಂಡು ಮಾಡುತ್ತಾರೆ. ಮುಂದಿನ ಕೋಳಿಗೂ ಅದೇ ಬಿಸಿನೀರು, ಅದೇ ಡ್ರಮ್ಮು, ಅದೇ ಕೊರಡು, ಅದೇ ಕತ್ತಿ. ಒಂದರ ಕರುಳಿನಲ್ಲಿದ್ದದ್ದು ಹತ್ತರ ಚರ್ಮಕ್ಕೆ ಅಂಟಲು ಇಷ್ಟು ಸಾಕು. ಪುಕ್ಕ ಕಿತ್ತ ಜಾಗದ ಸಣ್ಣ ಗುಳಿಗಳಲ್ಲಿ ಸೇರಿಕೊಂಡ ಬ್ಯಾಕ್ಟೀರಿಯಾ ನೀರಿಗೆ ಪೂರ್ತಿ ಬಿಟ್ಟುಹೋಗುವುದಿಲ್ಲ. ಅರಿಶಿನ, ಉಪ್ಪು, ನಿಂಬೆರಸದಿಂದ ಲೋಳೆ ಹೋಗುತ್ತದೆ, ನೀಸು ವಾಸನೆ ಕಡಿಮೆಯಾಗುತ್ತದೆ. ಅದು ಅಡುಗೆಗೆ ಒಳ್ಳೆಯದೇ. ಆದರೆ ಐದು ನಿಮಿಷ ಉಜ್ಜಿದ ಮಾತ್ರಕ್ಕೆ ಬ್ಯಾಕ್ಟೀರಿಯಾ ಸಾಯುವುದಿಲ್ಲ.

ಅವನ್ನು ಕೊಲ್ಲುವುದು ಬೆಂಕಿ. ಮಾಂಸದ ಒಳಭಾಗ 74 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಕೆಲಸ ಮುಗಿಯಿತು. ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿರುವ ನಮ್ಮ ಹಾಸನದಲ್ಲಿ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ, ಅದೂ ಬೇಕಾದ್ದಕ್ಕಿಂತ ಹೆಚ್ಚೇ. ಅರ್ಧ ಗಂಟೆ ಕೊತಕೊತ ಕುದಿದ ಕೋಳಿಸಾರಿನಲ್ಲಿ, ಅದರಲ್ಲೂ ಒಂದು ಗಂಟೆ ಬೇಯುವ ನಾಟಿಕೋಳಿಯಲ್ಲಿ, ತೊಳೆದಿದ್ದರೂ ತೊಳೆಯದಿದ್ದರೂ ಅವು ಬದುಕಿರುವುದಿಲ್ಲ.

ನಲ್ಲಿ ಬಿಟ್ಟು ತೊಳೆದಾಗ ಹಾರುವ ಹನಿಗಳನ್ನು ಮಾತ್ರ ಯಾರೂ ಕುದಿಸುವುದಿಲ್ಲ. 2022ರಲ್ಲಿ ಪ್ರಕಟವಾದ ಭೌತಶಾಸ್ತ್ರದ ಒಂದು ಅಧ್ಯಯನ ಇದನ್ನೇ ಪರೀಕ್ಷಿಸಿತು. ನಲ್ಲಿ ಎತ್ತರದಲ್ಲಿದ್ದಷ್ಟೂ ನೀರು ಹೆಚ್ಚು ಸಿಡಿಯುತ್ತದೆ. ಕೋಳಿಯ ಚರ್ಮ ಮೆತ್ತಗಿರುವುದರಿಂದ ನೀರಿನ ಧಾರೆ ಬಿದ್ದಲ್ಲಿ ಗುಳಿ ಬೀಳುತ್ತದೆ, ಅದರಿಂದ ಸಿಡಿತ ಇನ್ನೂ ಜಾಸ್ತಿ. ಆ ಹನಿಗಳಲ್ಲಿ ಬ್ಯಾಕ್ಟೀರಿಯಾ ಇರುವುದನ್ನೂ ಅವರು ಕಂಡರು. ಸಿಂಕಿನ ಪಕ್ಕದಲ್ಲಿ ಬೋರಲು ಹಾಕಿದ ಲೋಟ, ಬುಟ್ಟಿಯಲ್ಲಿಟ್ಟ ಕೊತ್ತಂಬರಿ, ನಿಮ್ಮ ಸೀರೆಯ ಸೆರಗು, ಎಲ್ಲಕ್ಕೂ ಅದು ತಗಲುತ್ತದೆ. ಬ್ರಿಟನ್ನಿನ ಆಹಾರ ಗುಣಮಟ್ಟ ಸಂಸ್ಥೆ 2014ರಲ್ಲಿ "ಹಸಿ ಕೋಳಿ ತೊಳೆಯಬೇಡಿ" ಎಂದು ದೇಶದಾದ್ಯಂತ ಪ್ರಚಾರ ಮಾಡಿದ್ದು ಇದೇ ಕಾರಣಕ್ಕೆ.

ತೊಳೆಯುವುದನ್ನು ಬಿಟ್ಟರೆ ಎಲ್ಲ ಸರಿಹೋಯಿತು ಎಂದು ನಿಮ್ಮ ಮಗಳೂ ತಿಳಿಯಬಾರದು. ಅಮೆರಿಕದ ಕೃಷಿ ಇಲಾಖೆ 2019ರಲ್ಲಿ ಹೊರತಂದ ಅಧ್ಯಯನವೊಂದನ್ನು ಅವಳಿಗೆ ತೋರಿಸಿ. ಅಪಾಯವಿಲ್ಲದ ಗುರುತಿನ ಬ್ಯಾಕ್ಟೀರಿಯಾ ಹಚ್ಚಿದ ಕೋಳಿತೊಡೆಯನ್ನು ಜನರಿಗೆ ಕೊಟ್ಟು, ಅದನ್ನು ಬೇಯಿಸಿ ಜೊತೆಗೆ ಹಸಿ ಸೊಪ್ಪಿನ ಸಲಾಡ್ ಮಾಡಲು ಹೇಳಿದರು. ಕೋಳಿ ತೊಳೆದವರಲ್ಲಿ ಶೇ. 60 ಮಂದಿಯ ಸಿಂಕಿನಲ್ಲಿ ಬ್ಯಾಕ್ಟೀರಿಯಾ ಸಿಕ್ಕಿತು, ಶೇ. 26 ಮಂದಿಯ ಸಲಾಡಿನಲ್ಲೂ ಸಿಕ್ಕಿತು. ತೊಳೆಯದೇ ಇದ್ದವರಲ್ಲೂ ಶೇ. 31 ಮಂದಿಯ ಸಲಾಡಿಗೆ ಅದು ಹೋಗಿತ್ತು! ಕೋಳಿ ತೊಳೆಯುವ ಗೊಡವೆಗೇ ಹೋಗದವರ ಸೊಪ್ಪಿಗೆ ಅದು ಹೋದದ್ದು ಹೇಗೆ? ಬಹುಶಃ ಸರಿಯಾಗಿ ತೊಳೆಯದ ಕೈ, ಪಾತ್ರೆ, ಸಿಂಕಿನಿಂದ. ನನ್ನ ಮಟ್ಟಿಗೆ ಈ ಇಡೀ ಚರ್ಚೆಯಲ್ಲಿ ಮುಖ್ಯವಾದ ಸಂಖ್ಯೆ ಇದೇ. ಹಸಿ ಮಾಂಸ ಮುಟ್ಟಿದ ಕೈಯಲ್ಲೇ ಖಾರದಪುಡಿ ಡಬ್ಬಿಯ ಮುಚ್ಚಳ ತೆಗೆಯುತ್ತೇವೆ, ಒಲೆಯ ತಿರುಪು ತಿರುಗಿಸುತ್ತೇವೆ, ರಿಂಗಾದ ಫೋನು ಎತ್ತುತ್ತೇವೆ. ಆಮೇಲೆ ಕೈತೊಳೆದು ಬಂದು ಮತ್ತೆ ಅದೇ ಡಬ್ಬಿ ಮುಟ್ಟುತ್ತೇವೆ.

ಈಗ ಅತ್ತೆಯವರ ಮಾತಿಗೆ ಬರುತ್ತೇನೆ. ನಮ್ಮ ಕಡೆ ಹಿಂದೆಲ್ಲ ಕೋಳಿ ಹಸನು ಮಾಡುತ್ತಿದ್ದದ್ದು ಹಿತ್ತಲಲ್ಲಿ. ಪುಕ್ಕ ಕಿತ್ತು, ಹುಲ್ಲಿನ ಉರಿಯಲ್ಲಿ ಸುಟ್ಟು, ಅರಿಶಿನ ಬಳಿದು, ಕಲ್ಲಿನ ಮೇಲಿಟ್ಟು ತೊಳೆದರೆ ನೀರು ಬಾಳೆಬುಡಕ್ಕೆ ಹೋಗುತ್ತಿತ್ತು. ಸುಟ್ಟ ಕೋಳಿಯ ಮಸಿ, ಬೂದಿ, ರಕ್ತ ತೊಳೆಯದೆ ಸಾರು ಮಾಡುವುದಾದರೂ ಹೇಗೆ? ಒಳಗೆ ಬರುತ್ತಿದ್ದದ್ದು ಒಲೆಗೆ ಏರಲು ಸಿದ್ಧವಾದ ತುಂಡುಗಳು ಮಾತ್ರ. ಅದು ಅಚ್ಚುಕಟ್ಟಾದ ಪದ್ಧತಿ. ಈಗ ಅದೇ ಕೆಲಸ ಕುಡಿಯುವ ನೀರಿನ ಫಿಲ್ಟರು, ತೊಳೆದಿಟ್ಟ ತಟ್ಟೆ, ತರಕಾರಿ ಬುಟ್ಟಿ ಎಲ್ಲವೂ ಇರುವ ಎರಡು ಮೊಳ ಜಾಗಕ್ಕೆ ಬಂದಿದೆ. ಅತ್ತೆಯವರ ಕೈ ಬದಲಾಗಿಲ್ಲ, ಜಾಗ ಬದಲಾಗಿದೆ. ನಿಮ್ಮ ಮಗಳು ಅಜ್ಜಿಯ ಹತ್ತಿರ ಕೂತು ಮೊದಲು ಈ ಹಿತ್ತಲಿನ ವಿಷಯ ಕೇಳಲಿ, ಸಿಂಕಿನ ಮಾತು ಆಮೇಲೆ ತೆಗೆಯಲಿ.

ಪ್ಯಾಕೆಟ್ಟಿನಲ್ಲಿ ಬರುವ ಕೋಳಿಗೆ ತೊಳೆಯುವ ಅಗತ್ಯವೇ ಇಲ್ಲ. ಅಂಗಡಿಯಲ್ಲಿ ಕೊಯ್ಯಿಸಿ ತಂದದ್ದಾದರೆ ನಮ್ಮ ಪರಿಸ್ಥಿತಿ ಬ್ರಿಟನ್ನಿನವರದ್ದಲ್ಲ. ಹೆಪ್ಪುಗಟ್ಟಿದ ರಕ್ತ, ಮೂಳೆಯ ಚೂರು, ಅಲ್ಲೊಂದು ಇಲ್ಲೊಂದು ಪುಕ್ಕ ಇದ್ದೇ ಇರುತ್ತದೆ, ಕೆಲವೊಮ್ಮೆ ಪಿತ್ತದ ಚೀಲ ಒಡೆದು ಹಸಿರು ಬಣ್ಣ ಹತ್ತಿರುತ್ತದೆ. ಅದನ್ನು ತೊಳೆಯಬೇಡಿ ಎಂದು ನಾನು ಹೇಳಲಾರೆ. ಅಗಲವಾದ ಪಾತ್ರೆಯಲ್ಲಿ ಮೊದಲೇ ನೀರು ತುಂಬಿಟ್ಟುಕೊಂಡು, ತುಂಡುಗಳನ್ನು ಮೆಲ್ಲಗೆ ಇಳಿಸಿ, ನೀರೊಳಗೇ ಕೈಯಾಡಿಸಿ ತೆಗೆಯಿರಿ. ಹಿತ್ತಲಲ್ಲಿ ಜಾಗವಿದ್ದರೆ ಅಲ್ಲೇ ಮಾಡಿ. ಸಿಂಕೇ ಗತಿ ಎಂದಾದರೆ ಸುತ್ತಲಿನ ಪಾತ್ರೆ, ತರಕಾರಿ ಮೊದಲು ಎತ್ತಿಡಿ, ನೀರನ್ನು ನಿಧಾನವಾಗಿ ಬಸಿಯಿರಿ, ಆಮೇಲೆ ಸಿಂಕನ್ನು ಸೋಪು ಹಾಕಿ ಉಜ್ಜಿ ಕುದಿಯುವ ನೀರು ಸುರಿಯಿರಿ. ಕೈಗೆ ಸೋಪು ಹಚ್ಚಿ 20 ಸೆಕೆಂಡು ಉಜ್ಜಬೇಕು. ಈರುಳ್ಳಿ, ಸೌತೆಕಾಯಿ, ಕೋಸಂಬರಿಯ ಕೆಲಸವನ್ನು ಕೋಳಿ ಮುಟ್ಟುವ ಮುಂಚೆಯೇ ಮುಗಿಸಿ ಮುಚ್ಚಿಟ್ಟುಬಿಡಿ. ಇದೊಂದನ್ನು ಮಾಡಿದರೂ ಅಪಾಯ ಎಷ್ಟೋ ತಪ್ಪಿದಂತೆ.

ನೀವು ಕೇಳದ ಒಂದು ವಿಷಯ ಹೇಳಲೇಬೇಕು, ಅದು ಕಬಾಬ್. ಸಾರಿನ ಧೈರ್ಯ ಅದಕ್ಕಿಲ್ಲ. ದೊಡ್ಡ ತುಂಡುಗಳನ್ನು ಜೋರು ಉರಿಯಲ್ಲಿ ಕರಿದರೆ ಹೊರಗೆ ಕೆಂಪಗೆ ಗರಿಗರಿಯಾಗಿ, ಮೂಳೆಯ ಹತ್ತಿರ ಹಸಿಯಾಗಿಯೇ ಉಳಿಯಬಹುದು. ಎಲ್ಲಕ್ಕಿಂತ ದಪ್ಪನೆಯ ತುಂಡನ್ನು ಮೂಳೆಯವರೆಗೆ ಸೀಳಿ ನೋಡಿ. ಮಸಾಲೆ ಕಲಸುವಾಗ ಬೆರಳಿಗೆ ಹತ್ತಿದ್ದನ್ನು ನಾಲಿಗೆಗೆ ಹಚ್ಚಿ ಉಪ್ಪು ನೋಡುವ ಅಭ್ಯಾಸ ಎಷ್ಟೋ ಮನೆಗಳಲ್ಲಿದೆ. ದಯವಿಟ್ಟು ಬಿಡಿ, ಕೋಳಿ ಹಾಕುವ ಮುಂಚೆಯೇ ಮಸಾಲೆಯ ರುಚಿ ನೋಡಿಕೊಳ್ಳಿ. ಕರಿದ ಕಬಾಬನ್ನು ಹಸಿ ಮಾಂಸ ನೆನೆಸಿಟ್ಟಿದ್ದ ಬೋಗುಣಿಗೇ ಮತ್ತೆ ಹಾಕಬೇಡಿ. ಕ್ಯಾಂಪಿಲೋಬ್ಯಾಕ್ಟರ್ ತೊಂದರೆ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು ಎರಡರಿಂದ ಐದು ದಿನ ಕಳೆದ ಮೇಲೆ. ಅಷ್ಟರಲ್ಲಿ ಕಬಾಬ್ ಯಾರಿಗೂ ನೆನಪಿರುವುದಿಲ್ಲ, ಹಿಂದಿನ ಸಂಜೆ ತಿಂದ ಪಾನಿಪುರಿಯನ್ನು ಬೈಯುತ್ತೇವೆ. ಐದು ವರ್ಷದೊಳಗಿನ ಮಕ್ಕಳು, ಬಸುರಿಯರು, ವಯಸ್ಸಾದವರು ಇರುವ ಮನೆಯಲ್ಲಿ ಈ ಎಚ್ಚರ ಇನ್ನಷ್ಟು ಬೇಕು.

ಕೊನೆಯದಾಗಿ ಗಿಡದ ಪ್ರಶ್ನೆ. ಉಪ್ಪು ಹಾಕದ ನೀರಾದರೆ ಬಾಳೆ, ತೆಂಗು, ಕಾಫಿ ಗಿಡದ ಬುಡಕ್ಕೆ ಧಾರಾಳವಾಗಿ ಹಾಕಿ, ಮೇಲೆ ಸ್ವಲ್ಪ ಮಣ್ಣೆಳೆಯಿರಿ. ಕೊತ್ತಂಬರಿ, ಪುದೀನ, ಮೂಲಂಗಿಯ ಮಡಿಗೆ ಮಾತ್ರ ಬೇಡ, ಅವನ್ನು ಹಸಿಯಾಗಿಯೇ ತಿನ್ನುತ್ತೇವೆ.